ಸ್ನಾನದ ಮನೆಯ ಗ್ಯಾಸ್ ಗೀಸರ್: ಇಡುವ ಜಾಗ, ಹೊಗೆಯ ದಾರಿ



ಕುರುಗೋಡಿನ ಸುತ್ತಣ ಹಳ್ಳಿಗಳಲ್ಲಿ ಹಿಂದಿನಿಂದಲೂ ಸ್ನಾನದ ನೀರು ಕಾಯುವುದು ಹಂಡೆಯಲ್ಲಿ. ಹತ್ತಿಕಟ್ಟಿಗೆ, ಮೆಣಸಿನ ಗಿಡದ ಕಡ್ಡಿ, ಬಳ್ಳಾರಿ ಜಾಲಿಯ ಕೊರಡು, ಇವೇ ಅದರ ಉರುವಲು. ಗ್ಯಾಸಿನ ಸಿಲಿಂಡರು ಹಳ್ಳಿಗೂ ಬಂದ ಮೇಲೆ ಕೆಲವರು ಸ್ನಾನದ ಕೋಣೆಯ ಗೋಡೆಗೆ ಗ್ಯಾಸ್ ಗೀಸರನ್ನು ಹಾಕಿಸುತ್ತಿದ್ದಾರೆ. ನಲ್ಲಿ ತಿರುವಿದೊಡನೆ ಬಿಸಿನೀರು ಬರುತ್ತದೆ. ಸೌಕರ್ಯವೇನೋ ದೊಡ್ಡದು. ಆದರೆ ಹಂಡೆಯೊಲೆಯ ಹೊಗೆ ಕಣ್ಣಿಗೆ ಕಾಣುತ್ತದೆ, ಗೀಸರಿನ ಹೊಗೆ ಕಾಣುವುದಿಲ್ಲ. ಮುಚ್ಚಿದ ಕೋಣೆಯಲ್ಲಿ ಗೀಸರ್ ಉರಿಸಿಕೊಂಡು ಸ್ನಾನಕ್ಕೆ ಹೋದವರು ಹೊರಗೆ ಬಾರದ ದುಃಖದ ಸಂಗತಿಗಳು ನಮ್ಮ ರಾಜ್ಯದಲ್ಲಿಯೂ ನಡೆದಿವೆ. ಸರಿಯಾದ ಜಾಗದಲ್ಲಿ ಇಟ್ಟರೆ ಇವನ್ನು ತಪ್ಪಿಸಬಹುದು.

ಗಾಳಿಯ ಲೆಕ್ಕ

ಬೆಂಕಿಗೂ ನಮ್ಮಂತೆಯೇ ಉಸಿರಾಡಲು ಗಾಳಿ ಬೇಕು. 1 ಕಿಲೋ ಅಡುಗೆ ಅನಿಲ ಚೆನ್ನಾಗಿ ಉರಿಯಲು ಸುಮಾರು 420 ಘನ ಅಡಿ ಗಾಳಿ ಬೇಕಾಗುತ್ತದೆ. ಸಾಧಾರಣ ಗೀಸರ್ 20 ನಿಮಿಷಗಳಲ್ಲಿ ಹೆಚ್ಚುಕಡಿಮೆ 300 ಗ್ರಾಂ ಅನಿಲವನ್ನು ಉರಿಸುತ್ತದೆ. ಎಂದರೆ ಅದಕ್ಕೆ 125 ಘನ ಅಡಿಯಷ್ಟು ಗಾಳಿ ಬೇಕಾಯಿತು. 5 ಅಡಿ ಉದ್ದ, 4 ಅಡಿ ಅಗಲ, 7 ಅಡಿ ಎತ್ತರದ ಸ್ನಾನದ ಕೋಣೆಯಲ್ಲಿ ಇರುವುದೇ 140 ಘನ ಅಡಿ. ಆದುದರಿಂದ ಬಾಗಿಲು ಹಾಕಿದ ಕೆಲವೇ ನಿಮಿಷಗಳಲ್ಲಿ ಬೆಂಕಿಗೆ ಗಾಳಿ ಸಾಲದಾಗುತ್ತದೆ. ಗಾಳಿ ಸಾಲದ ಬೆಂಕಿ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲವನ್ನು ಉಗುಳುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ರಕ್ತಕ್ಕೆ ಅಂಟಿಕೊಳ್ಳುವುದರಿಂದ ದೇಹಕ್ಕೆ ಪ್ರಾಣವಾಯು ದೊರೆಯದಂತಾಗುತ್ತದೆ.

ಸಿಲಿಂಡರಿಗೆ ವಾಸನೆ ಬೆರೆಸಿದ್ದಾರಲ್ಲ, ನಮಗೆ ತಿಳಿಯುವುದಿಲ್ಲವೇ ಎಂದು ಕೆಲವರು ಕೇಳಬಹುದು. ಆ ವಾಸನೆ ಇರುವುದು ಉರಿಯದ ಅನಿಲಕ್ಕೆ. ಉರಿದ ಅನಿಲಕ್ಕೆ ಅದು ಇರುವುದಿಲ್ಲ.

ಎಲ್ಲಿ ಇಡಬೇಕು?

ಗೀಸರಿಗೆ ಉತ್ತಮ ಜಾಗ ಸ್ನಾನದ ಕೋಣೆಯ ಹೊರಗೋಡೆ. ಹಿತ್ತಿಲಲ್ಲಿ ಮಳೆ ತಾಕದಂತೆ ಮೇಲೊಂದು ತಗಡು ಹಾಕಿ, ಬೀಸುಗಾಳಿಗೆ ಉರಿ ಆರದಂಥ ಕಡೆ ಅದನ್ನು ನಿಲ್ಲಿಸಿ, ನೀರಿನ ಕೊಳವೆಯನ್ನು ಮಾತ್ರ ಗೋಡೆ ಕೊರೆದು ಒಳಕ್ಕೆ ತರಬೇಕು. ಬೆಂಕಿ ಹೊರಗಿರಲಿ, ನೀರು ಒಳಗೆ ಬರಲಿ. ಕಿಟಕಿಯ ಅಥವಾ ಬೆಳಕಿಂಡಿಯ ಕೆಳಗೆ ಗೀಸರನ್ನು ಇಡತಕ್ಕದ್ದಲ್ಲ, ಉರಿದ ಗಾಳಿ ಮೇಲೇರಿ ಅದೇ ಕಿಂಡಿಯಿಂದ ಮನೆಯೊಳಕ್ಕೆ ಬರುತ್ತದೆ. ಹತ್ತಿಕಟ್ಟಿಗೆಯ ಒಟ್ಟಲು, ಮೇವಿನ ಬಣವೆ ಇವುಗಳಿಂದಲೂ ಅದು ದೂರವಿರಬೇಕು.

ಸಿಲಿಂಡರನ್ನು ನೆಲದ ಮಟ್ಟದಲ್ಲಿ ನೆಟ್ಟಗೆ ನಿಲ್ಲಿಸಬೇಕು. ಅಡುಗೆ ಅನಿಲ ಗಾಳಿಗಿಂತ ಭಾರವಾದುದು. ಸೋರಿದರೆ ತಗ್ಗಿನ ಕಡೆ ಹರಿದು ಅಲ್ಲಿಯೇ ನಿಲ್ಲುತ್ತದೆ. ಆದ್ದರಿಂದ ಗುಂಡಿಯಲ್ಲಿಯಾಗಲಿ ಬಚ್ಚಲ ಕಾಲುವೆಯ ಪಕ್ಕದಲ್ಲಿಯಾಗಲಿ ಸಿಲಿಂಡರ್ ಇಡಬಾರದು.

ಹೊಗೆಕೊಳವೆ

ಹೊಗೆಗೆ ದಾರಿ ಮಾಡಬೇಕೆಂಬ ಮಾತು ನಮಗೆ ಹೊಸದಲ್ಲ. 1953ರಲ್ಲಿಯೇ ಹೈದರಾಬಾದಿನ ಎಸ್. ಪಿ. ರಾಜು ಅವರು ಹೊಗೆಯಿಲ್ಲದ ಅಡುಗೆಮನೆಯನ್ನು ಕುರಿತು ಪುಸ್ತಕ ಬರೆದರು. 1980ರ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ರೂಪಿಸಿದ ಅಸ್ತ್ರ ಒಲೆ ಹಳ್ಳಿಗಳಿಗೆ ಬಂದಿತು. ಆ ಒಲೆಗಳ ಗುಟ್ಟೂ ಕೊಳವೆಯೇ.

ಜಾಗವಿಲ್ಲದೆ ಗೀಸರನ್ನು ಒಳಗಿಡಲೇಬೇಕಾದರೆ ಹೊಗೆಕೊಳವೆಯುಳ್ಳದ್ದನ್ನೇ ತರಬೇಕು, ತಿಳಿದವರಿಂದಲೇ ಕೂಡಿಸಬೇಕು. ಕೊಳವೆ ಮೊದಲು ನೆಟ್ಟಗೆ ಮೇಲೇರಲಿ. ಅಡ್ಡ ಹೋಗುವ ಭಾಗ ಚಿಕ್ಕದಾಗಿದ್ದು ಹೊರಗಡೆಗೆ ಏರುತ್ತಿರಲಿ. ತುದಿ ಮಾಳಿಗೆಯ ಮೇಲೆ ಎರಡು ಮೂರು ಅಡಿ ನಿಂತು, ತಲೆಗೆ ಟೊಪ್ಪಿಗೆ ಇರಲಿ. ಮಣ್ಣಿನ ಮಾಳಿಗೆಯಲ್ಲಿ ತೊಲೆ ಜಂತಿಗಳಿಗೆ ಕೊಳವೆ ತಾಕಬಾರದು. ವರ್ಷಕ್ಕೊಮ್ಮೆ ಕೊಳವೆಯೊಳಗೆ ಗುಬ್ಬಿಯ ಗೂಡು, ಮಸಿ ಕಟ್ಟಿದೆಯೇ ಎಂದು ನೋಡಬೇಕು. ಹಂಡೆಯೊಲೆಯ ಕೊಳವೆಗೆ ಮಸಿ ಬೇಗ ಕಟ್ಟುವುದರಿಂದ ಅದನ್ನು ತಿಂಗಳಿಗೊಮ್ಮೆ ಗುಡಿಸಬೇಕು.

ಕೊಳವೆಯ ಜೊತೆಗೆ ಹೊಸ ಗಾಳಿ ಬರಲು ನೆಲದ ಬಳಿ ಒಂದು ಕಿಂಡಿ, ಮೇಲೆ ಒಂದು ಕಿಂಡಿ ಸದಾ ತೆರೆದಿರಬೇಕು. ಗಾಳಿ ಎಳೆಯುವ ವಿದ್ಯುತ್ ಫ್ಯಾನ್ ಇದ್ದರೆ ಸಾಕೆಂದು ನಂಬಬೇಡಿರಿ. ಕರೆಂಟು ಹೋದರೆ ಅದು ನಿಲ್ಲುತ್ತದೆ. ಕಿಂಡಿ ಮುಚ್ಚಿದ್ದರೆ ಕೊಳವೆಯ ಹೊಗೆಯನ್ನೇ ಕೆಳಕ್ಕೆ ಎಳೆಯುತ್ತದೆ.

ಕೊಳವೆ ಎಳೆಯುತ್ತಿದೆಯೇ ಎಂದು ತಿಳಿಯಲು ಸುಲಭ ಉಪಾಯವಿದೆ. ಗೀಸರ್ ಉರಿಯುತ್ತಿರುವಾಗ ಕೊಳವೆಯ ಬುಡದ ತೆರಪಿನ ಬಳಿ ಊದುಬತ್ತಿ ಹಿಡಿಯಿರಿ. ಹೊಗೆ ಒಳಕ್ಕೆ ಹೋದರೆ ಸರಿ. ನಿಮ್ಮ ಕಡೆಗೆ ತಿರುಗಿದರೆ ಕೂಡಲೇ ಗೀಸರ್ ಆರಿಸಿರಿ. ಉರಿ ನೀಲಿಯಾಗಿರಬೇಕು. ಹಳದಿಯಾಗಿ ಮಸಿ ಕಟ್ಟುತ್ತಿದ್ದರೆ ರಿಪೇರಿಯಾಗುವವರೆಗೆ ಹಚ್ಚಬಾರದು.

ಬಾಣಂತಿಯ ಸ್ನಾನ

ಬಾಣಂತಿಗೆ ಗಾಳಿ ತಾಕಬಾರದೆಂದು ಹಿರಿಯರು ಕಿಂಡಿಗೆಲ್ಲ ಬಟ್ಟೆ ತುರುಕಿ, ಹೊತ್ತುಗಟ್ಟಲೆ ಬಿಸಿನೀರು ಹೊಯ್ಯುತ್ತಾರೆ. ಪ್ರೀತಿಯಿಂದ ಮಾಡುವ ಈ ಕೆಲಸವೇ ಗೀಸರ್ ಉರಿಯುವ ಕೋಣೆಯಲ್ಲಿ ತಾಯಿ, ಕೂಸು, ನೀರು ಹೊಯ್ಯುವ ಅಜ್ಜಿ ಮೂವರಿಗೂ ಅಪಾಯಕರ. ನೀರನ್ನು ಹೊರಗೆ ಕಾಯಿಸಿ ಕೊಡದಲ್ಲಿ ಒಳಗೆ ತಂದರೆ ಬಾಣಂತಿ ಬೆಚ್ಚಗೂ ಇರುತ್ತಾಳೆ, ಕ್ಷೇಮವಾಗಿಯೂ ಇರುತ್ತಾಳೆ. ಮುಚ್ಚಿದ ಕೋಣೆಯಲ್ಲಿ ಕೆಂಡದ ಅಗ್ಗಿಷ್ಟಿಕೆಯನ್ನೂ ಇಡಬಾರದು. ಹೊಗೆಯಾಡದ ಕೆಂಡದಿಂದಲೂ ಇದೇ ವಿಷ ಬರುತ್ತದೆ.

ಅಪಾಯ ಬಂದಾಗ

ಸ್ನಾನ ಮಾಡುವಾಗ ತಲೆನೋವು, ತಲೆಸುತ್ತು, ವಾಕರಿಕೆ, ಕಾಲಲ್ಲಿ ಬಲವಿಲ್ಲದಂತಾಗುವುದು, ಇವು ಪಿತ್ತವೂ ಅಲ್ಲ, ದೃಷ್ಟಿಯೂ ಅಲ್ಲ ಎಂದು ತಿಳಿದು ಕೂಡಲೇ ಹೊರಗೆ ಬನ್ನಿರಿ. ಒಳಗೆ ಹೋದವರು ಕರೆದರೆ ಓಗೊಡದಿದ್ದರೆ ತಡಮಾಡದೆ ಬಾಗಿಲು ತೆಗೆಯಿರಿ, ಅಗತ್ಯವಿದ್ದರೆ ಒಡೆಯಿರಿ. ಗ್ಯಾಸ್ ನಿಲ್ಲಿಸಿ, ಅವರನ್ನು ಬಯಲಿನ ಗಾಳಿಗೆ ತನ್ನಿರಿ, 108ಕ್ಕೆ ಫೋನು ಮಾಡಿರಿ. ಎಚ್ಚರವಾದರೂ ಆಸ್ಪತ್ರೆಗೆ ಕರೆದೊಯ್ಯಬೇಕು. ಆಮ್ಲಜನಕ ಕೊಡುವುದೇ ಇದರ ಚಿಕಿತ್ಸೆ. ಗ್ಯಾಸ್ ಸೋರಿದ ವಾಸನೆ ಬಂದರೆ ದೀಪದ ಸ್ವಿಚ್ಚು ಮುಟ್ಟದೆ ಹೊರಗೆ ಬಂದು 1906ಕ್ಕೆ ತಿಳಿಸಿರಿ.

ಹೊಲಕ್ಕೆ ನೀರು ಬಿಡುವಾಗ ಬರುವ ದಾರಿಯನ್ನೂ ಹೋಗುವ ದಾರಿಯನ್ನೂ ನೋಡಿಕೊಳ್ಳುವ ನಾವು, ಮನೆಯ ಬೆಂಕಿಗೂ ಗಾಳಿ ಬರುವ ದಾರಿ, ಹೊಗೆ ಹೋಗುವ ದಾರಿ ಎರಡನ್ನೂ ಮಾಡಿಕೊಡೋಣ. ಗೀಸರ್ ಈಗಾಗಲೇ ಇರುವವರು ಇಂದು ಸಂಜೆಯೇ ಒಂದು ಊದುಬತ್ತಿ ಹಚ್ಚಿ ಪರೀಕ್ಷಿಸಿರಿ.