ವೃತ್ತಿಯ ಪಲ್ಲಟ, ಹೆಸರಿನ ಗಳಿಕೆ

ಇಪ್ಪತ್ತರ ಹರೆಯದಲ್ಲಿ ಒಂದು ಕಚೇರಿಯನ್ನು ಸೇರಿ, ಅಲ್ಲಿಯೇ ಬಡ್ತಿ ಪಡೆದು, ಅಲ್ಲಿಯೇ ಹಾರ ಹಾಕಿಸಿಕೊಂಡು ನಿವೃತ್ತರಾಗುವ ಜೀವನಕ್ರಮ ನಮ್ಮ ಹಿಂದಿನ ತಲೆಮಾರಿನವರಲ್ಲಿ ಅನೇಕರಿಗೆ ಸಹಜವಾಗಿದ್ದಿತು. ಈಗ ಹಾಗಿಲ್ಲ. ಮನೆಯ ಸಾಲದ ಕಂತು ಇನ್ನೂ ಅರ್ಧ ಉಳಿದಿರುವಾಗ, ಮಕ್ಕಳು ಇನ್ನೂ ಹೈಸ್ಕೂಲಿನಲ್ಲಿರುವಾಗ, ಕೆಲವರು ಸ್ವೇಚ್ಛೆಯಿಂದಲೂ ಕೆಲವರು ಕಂಪನಿಯಿಂದ ಬಂದ ಒಂದು ಈಮೇಲಿನ ಒತ್ತಾಯದಿಂದಲೂ ವೃತ್ತಿಯನ್ನೇ ಬದಲಿಸಬೇಕಾದ ಪ್ರಸಂಗ ಒದಗುತ್ತಿದೆ. ಅಂಥವರಿಗೆ ನಾಲ್ಕು ಕಡೆಯಿಂದಲೂ ದೊರೆಯುವ ಉಪದೇಶವೆಂದರೆ, ನಿಮ್ಮದೇ ಒಂದು ಬ್ರ್ಯಾಂಡ್ ಕಟ್ಟಿಕೊಳ್ಳಿ ಎಂಬುದು. ಉಪದೇಶದಲ್ಲಿ ಸತ್ಯಾಂಶವಿದೆ, ಆದರೆ ಅಂದವಾದ ಒಂದು ಭಾವಚಿತ್ರ, ಲಿಂಕ್ಡ್‌ಇನ್‌ನಲ್ಲಿ ಎರಡು ಸಾಲಿನ ಪರಿಚಯ, ದಿನಕ್ಕೊಂದು ಪೋಸ್ಟ್, ಇವಿಷ್ಟರಿಂದಲೇ ಅದು ಸಿದ್ಧಿಸುತ್ತದೆಂದು ನಂಬಿ ಹೊರಟವರು ಆರು ತಿಂಗಳಲ್ಲಿ ನಿರಾಶರಾಗುತ್ತಾರೆ. ಒಂದು ವೃತ್ತಿಯಿಂದ ಇನ್ನೊಂದಕ್ಕೆ ಹೊರಟವನೊಡನೆ ಹುದ್ದೆ ಬರುವುದಿಲ್ಲ, ಅಧಿಕಾರ ಬರುವುದಿಲ್ಲ. ಅವನು ಕೆಲಸ ಮಾಡಿದ ರೀತಿಯನ್ನು ಹತ್ತಿರದಿಂದ ಕಂಡವರ ವಿಶ್ವಾಸವೊಂದೇ ಬರುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಹಾಸನ ಜಿಲ್ಲೆಯ ಗೊರೂರಿನ ಕ್ಯಾಪ್ಟನ್ ಜಿ. ಆರ್. ಗೋಪಿನಾಥ್ ಅವರ ಜೀವನ ಇದಕ್ಕೆ ಒಳ್ಳೆಯ ನಿದರ್ಶನ. ಬಿಜಾಪುರದ ಸೈನಿಕ ಶಾಲೆಯಲ್ಲಿ ಓದಿ, ಸೈನ್ಯಕ್ಕೆ ಸೇರಿ, 1971ರ ಬಾಂಗ್ಲಾದೇಶದ ಯುದ್ಧವನ್ನು ಕಂಡ ಈ ಮೇಷ್ಟರ ಮಗ, ಮೂವತ್ತು ತುಂಬುವ ಮೊದಲೇ ಆ ಸೇವೆಯನ್ನು ಬಿಟ್ಟು ಊರಿಗೆ ಮರಳಿದರು. ಅಷ್ಟರಲ್ಲಿ ಹೇಮಾವತಿಯ ಅಣೆಕಟ್ಟಿನಿಂದಾಗಿ ಅವರ ಮನೆತನದ ಜಮೀನು ನೀರಿನಲ್ಲಿ ಮುಳುಗಿ, ಪರಿಹಾರವಾಗಿ ಜಾವಗಲ್ಲಿನ ಬಳಿ ಬರಡು ಭೂಮಿ ದೊರೆತಿದ್ದಿತು. ಅಲ್ಲಿ ಡೇರೆ ಹಾಕಿಕೊಂಡು ವಾಸಕ್ಕೆ ನಿಂತು, ತೆಂಗನ್ನೂ ಹಿಪ್ಪುನೇರಳೆಯನ್ನೂ ಬೆಳೆಸಲು ಹೊರಟ ಈ ಮಾಜಿ ಸೈನ್ಯಾಧಿಕಾರಿಯು ಸಾಲದ ಹೊರೆಯನ್ನೂ ಬೆಳೆನಷ್ಟವನ್ನೂ ಅನುಭವಿಸಿ, ರಾಸಾಯನಿಕಗಳನ್ನು ಕ್ರಮೇಣ ತ್ಯಜಿಸಿ, ಪರಿಸರಕ್ಕೆ ಒಗ್ಗುವ ರೇಷ್ಮೆ ಕೃಷಿಯನ್ನು ರೂಢಿಸಿಕೊಂಡುದಕ್ಕಾಗಿ 1996ರಲ್ಲಿ ಅಂತರರಾಷ್ಟ್ರೀಯ ರೋಲೆಕ್ಸ್ ಪ್ರಶಸ್ತಿಗೆ ಪಾತ್ರರಾದರು. ನಡುವೆ ಹಾಸನದಲ್ಲಿ ಹೋಟೆಲು ನಡೆಸಿದರು, ಮೋಟಾರ್ ಸೈಕಲ್‌ಗಳ ಏಜೆನ್ಸಿ ಹಿಡಿದರು. ದೂರದಿಂದ ನೋಡಿದವರಿಗೆ ಇದೆಲ್ಲ ನೆಲೆಯಿಲ್ಲದ ಅಲೆದಾಟವೆಂದು ತೋರಿದ್ದರೆ ಆಶ್ಚರ್ಯವಿಲ್ಲ.

ಆದರೆ 1997ರಲ್ಲಿ ಅವರು ಹೆಲಿಕಾಪ್ಟರ್‌ಗಳನ್ನು ಬಾಡಿಗೆಗೆ ಒದಗಿಸುವ ಡೆಕ್ಕನ್ ಏವಿಯೇಷನ್ ಕಂಪನಿಯನ್ನು ಸ್ಥಾಪಿಸಿದಾಗ ಅವರೊಡನೆ ನಿಂತವರು ಯಾರೆಂಬುದನ್ನು ಗಮನಿಸಬೇಕು: ಸೈನ್ಯದ ದಿನಗಳಿಂದ ಬಲ್ಲ ಹೆಲಿಕಾಪ್ಟರ್ ಪೈಲಟ್ ಕ್ಯಾಪ್ಟನ್ ಕೆ. ಜೆ. ಸ್ಯಾಮ್ಯುಯೆಲ್. ಸಮವಸ್ತ್ರವನ್ನು ಕಳಚಿಟ್ಟು ಸುಮಾರು ಎರಡು ದಶಕಗಳಾಗಿದ್ದರೂ, ಹಳೆಯ ಒಡನಾಡಿಯೊಬ್ಬನು ತನ್ನ ವಿದ್ಯೆಯನ್ನೂ ಭವಿಷ್ಯವನ್ನೂ ಈತನ ಸಾಹಸದೊಡನೆ ಜೋಡಿಸಲು ಒಪ್ಪಿದನೆಂದಮೇಲೆ, ಮೊದಲನೆಯ ವೃತ್ತಿಯು ಎಂದೋ ಮುಗಿದುಹೋಯಿತೆಂದು ಹೇಳುವುದು ಹೇಗೆ? ಹೆಸರಿನ ಹಿಂದಿನ ‘ಕ್ಯಾಪ್ಟನ್’ ಎಂಬ ಬಿರುದನ್ನು ಗೋಪಿನಾಥರು ಹೊಲದಲ್ಲಿಯೂ ಬಿಡಲಿಲ್ಲ, ವಿಮಾನ ಕಂಪನಿಯಲ್ಲಿಯೂ ಬಿಡಲಿಲ್ಲ. ಮುಂದೆ 2003ರಲ್ಲಿ ಅಗ್ಗದ ದರದ ಏರ್ ಡೆಕ್ಕನ್ ವಿಮಾನಗಳು ಹುಬ್ಬಳ್ಳಿಯಂಥ ಊರಿಗೂ ಹಾರಿದಾಗ, ಆ ಸಂಸ್ಥೆಯ ಗುರುತಾಗಿ ಅವರು ಆರಿಸಿಕೊಂಡುದು ಆರ್. ಕೆ. ಲಕ್ಷ್ಮಣರ ಸಾಮಾನ್ಯ ಮನುಷ್ಯನನ್ನು. ಚೌಕಳಿಯ ಕೋಟು ತೊಟ್ಟು, ಮಾತಿಲ್ಲದೆ ಎಲ್ಲವನ್ನೂ ನೋಡುತ್ತ ನಿಲ್ಲುವ ಆ ಮುದುಕನನ್ನು. ವಿಮಾನವನ್ನು ಎಂದೂ ಹತ್ತದವನನ್ನು ಹತ್ತಿಸುವುದೇ ಸಂಕಲ್ಪವಾಗಿದ್ದುದರಿಂದ ಆ ಚಿತ್ರ ಅಲ್ಲಿ ಸಲ್ಲಿತು. ಸಂಕಲ್ಪ ಬೇರೆಯಾಗಿದ್ದಿದ್ದರೆ ಅದು ವಿಮಾನದ ಮೈಮೇಲಿನ ಬಣ್ಣ ಮಾತ್ರವಾಗುತ್ತಿದ್ದಿತು.

ಈ ಕಥೆಯ ಉತ್ತರಾರ್ಧವನ್ನೂ ಹೇಳದಿದ್ದರೆ ಓದುಗರಿಗೆ ಅನ್ಯಾಯವಾದೀತು. ನಷ್ಟದಲ್ಲಿದ್ದ ಏರ್ ಡೆಕ್ಕನ್ ಕೆಲವೇ ವರ್ಷಗಳಲ್ಲಿ ಕಿಂಗ್‌ಫಿಷರ್ ಸಂಸ್ಥೆಯ ಪಾಲಾಯಿತು. 2009ರಲ್ಲಿ ಬೆಂಗಳೂರು ದಕ್ಷಿಣದಿಂದ ಪಕ್ಷೇತರರಾಗಿ ಲೋಕಸಭೆಗೆ ನಿಂತ ಗೋಪಿನಾಥರು ಸೋತರು. ಅನಂತರದ ಸರಕುಸಾಗಣೆಯ ಉದ್ಯಮವೂ ನಿಲ್ಲಲಿಲ್ಲ. ಒಂದು ಕ್ಷೇತ್ರದಲ್ಲಿ ಗಳಿಸಿದ ಹೆಸರಿಗೆ ಇನ್ನೊಂದರಲ್ಲಿ ಬಾಗಿಲು ತೆರೆಯುವ ಶಕ್ತಿಯುಂಟು. ಬಾಗಿಲಿನ ಒಳಗೆ ಹೋದಮೇಲೆ ಆ ಹೊಸ ಕ್ಷೇತ್ರದ ಲೆಕ್ಕಾಚಾರವೇ ನಡೆಯುತ್ತದೆ.

ಹೆಸರಿನ ಈ ಶಕ್ತಿ ಸರ್ ಎಂ. ವಿಶ್ವೇಶ್ವರಯ್ಯನವರಲ್ಲಿಯೂ ಕಾಣುತ್ತದೆ. ಅವರ ಜೀವನದಲ್ಲಿ ನಾವು ಕಟ್ಟೆಗಳನ್ನೂ ಕಾರ್ಖಾನೆಗಳನ್ನೂ ಎಣಿಸುತ್ತೇವೆಯೇ ಹೊರತು, ಅವರು ನೌಕರಿಗಳನ್ನು ಬಿಟ್ಟ ಮತ್ತು ಒಪ್ಪಿದ ರೀತಿಯನ್ನು ಅಷ್ಟಾಗಿ ಗಮನಿಸಿಲ್ಲ. ಮುಂಬಯಿ ಸರ್ಕಾರದ ಲೋಕೋಪಯೋಗಿ ಇಲಾಖೆಯಲ್ಲಿ 1884ರಿಂದ ದುಡಿದು, ಪುಣೆಯ ಬಳಿಯ ಖಡಕ್‌ವಾಸ್ಲಾ ಜಲಾಶಯಕ್ಕೆ ತಾವೇ ರೂಪಿಸಿದ ಸ್ವಯಂಚಾಲಿತ ಬಾಗಿಲುಗಳನ್ನು ಅಳವಡಿಸಿ ಹೆಸರಾಗಿದ್ದ ಅವರು, ಅತ್ಯುನ್ನತ ಪದವಿಯು ಭಾರತೀಯನಿಗೆ ದೊರೆಯುವ ಸಂಭವವಿಲ್ಲವೆಂಬುದನ್ನು ಮನಗಂಡು 1908ರಲ್ಲಿ ಆ ಸೇವೆಯಿಂದ ಹೊರಬಂದರು. ಆ ವರ್ಷವೇ ಮೂಸಿ ನದಿಯ ಪ್ರವಾಹದಿಂದ ತತ್ತರಿಸಿದ ಹೈದರಾಬಾದಿನಿಂದ ಕರೆ ಬಂದಾಗ ಅವರು ವಿದೇಶ ಪ್ರವಾಸದಲ್ಲಿದ್ದರು, ಅರ್ಜಿ ಹಾಕಿದವರಲ್ಲ. ಮರುವರ್ಷ ಮೈಸೂರು ಸಂಸ್ಥಾನವು ಮುಖ್ಯ ಇಂಜಿನಿಯರ್ ಪದವಿಯನ್ನು ನೀಡಲು ಮುಂದಾದಾಗ ಅವರು ತತ್‌ಕ್ಷಣ ಒಪ್ಪದೆ, ತಾಂತ್ರಿಕ ಶಿಕ್ಷಣಕ್ಕೂ ಕೈಗಾರಿಕೆಗಳಿಗೂ ಸಂಬಂಧಿಸಿದ ಕಾರ್ಯಗಳನ್ನು ಕೈಗೊಳ್ಳಲು ತಮಗೆ ಅವಕಾಶವಿರುವುದೇ ಎಂದು ಮೊದಲು ವಿಚಾರಿಸಿ, ಅನುಕೂಲವಾದ ಉತ್ತರ ಬಂದಮೇಲೆಯೇ ಒಪ್ಪಿದರು. ಹೊಸ ಕೆಲಸಕ್ಕೆ ಸಂದರ್ಶನಕ್ಕೆ ಹೋಗುವವರು ಸಂಬಳವನ್ನು ಮಾತ್ರ ಕೇಳಿ ಹಿಂದಿರುಗುತ್ತಾರೆ. ಅಲ್ಲಿ ನನಗೆ ಏನನ್ನು ಮಾಡಲು ಬಿಡುತ್ತೀರಿ ಎಂದು ಕೇಳುವವರು ವಿರಳ. ಆ ಪ್ರಶ್ನೆಯನ್ನು ಕೇಳುವ ಅಧಿಕಾರವನ್ನು ಹಿಂದಿನ ಕೆಲಸವೇ ಸಂಪಾದಿಸಿಕೊಡಬೇಕು.

ಕಥೆಗಾರ ಮಾಸ್ತಿಯವರ ದಾರಿ ಇನ್ನೂ ಸಾವಧಾನವಾದುದು, ಸಂಸಾರಸ್ಥರಿಗೆ ಹೆಚ್ಚು ಅನುಕರಣೀಯವಾದುದು. ಮೈಸೂರು ಸಿವಿಲ್ ಸರ್ವಿಸಿನ ಅಧಿಕಾರಿಯಾಗಿದ್ದುಕೊಂಡೇ ಅವರು ‘ಶ್ರೀನಿವಾಸ’ ಎಂಬ ಕಾವ್ಯನಾಮದಲ್ಲಿ ಬರೆಯುತ್ತ ಬಂದರು. ‘ಕೆಲವು ಸಣ್ಣ ಕಥೆಗಳು’ 1920ರಲ್ಲಿಯೇ ಪ್ರಕಟವಾಗಿದ್ದಿತು. ತಮಗೆ ಸಲ್ಲಬೇಕಾದ ಉನ್ನತ ಪದವಿ ಕಿರಿಯರಿಗೆ ಸಂದಾಗ 1940ರ ದಶಕದ ಮೊದಲ ಭಾಗದಲ್ಲಿ ಅವರು ರಾಜೀನಾಮೆಯಿತ್ತರು. ಆ ಹೊತ್ತಿಗೆ ಅವರ ಎರಡನೆಯ ವೃತ್ತಿಗೆ ಇಪ್ಪತ್ತಕ್ಕೂ ಮೀರಿದ ವರ್ಷಗಳ ಬೇರಿದ್ದಿತು.

ಇವರೆಲ್ಲ ಅಸಾಧಾರಣರು, ನಮಗೆ ಇವರಿಂದೇನು ಎಂದು ಯಾರಾದರೂ ಕೇಳಬಹುದು. ಸಾಧಾರಣ ಮನುಷ್ಯನನ್ನೇ ತೆಗೆದುಕೊಳ್ಳೋಣ. ತಾಲ್ಲೂಕು ಕೇಂದ್ರದ ಸಹಕಾರಿ ಬ್ಯಾಂಕಿನಲ್ಲಿ ಹದಿನೈದು ವರ್ಷ ರೈತರ ಸಾಲದ ಅರ್ಜಿಗಳನ್ನು ಪರಿಶೀಲಿಸಿದ ಗುಮಾಸ್ತರೊಬ್ಬರು ಇದ್ದಾರೆನ್ನೋಣ. ಅವರ ಬಯೋಡೇಟಾದಲ್ಲಿ ಸಾಮಾನ್ಯವಾಗಿ ಬರುವುದು ಹುದ್ದೆ, ಸೇರಿದ ತಾರೀಖು, ಕಂಪ್ಯೂಟರ್ ಜ್ಞಾನ. ಪಹಣಿಯಲ್ಲಿ ಅಜ್ಜನ ಹೆಸರೇ ಉಳಿದು ಪೌತಿ ಖಾತೆಯಾಗದಿದ್ದರೆ ಯಾವ ಕಾಗದವನ್ನು ಯಾವ ಮೇಜಿಗೆ ಒಯ್ಯಬೇಕು, ಹಳೆಯ ಸಾಲ ತೀರಿದ್ದರೂ ಋಣಭಾರ ಪತ್ರದಲ್ಲಿ ಅದು ಏಕೆ ಇನ್ನೂ ಕಾಣುತ್ತಿದೆ ಎಂಬುದನ್ನು ಕೌಂಟರಿನ ಆಚೆ ನಿಂತ ರೈತನಿಗೆ ಗದರದೆ ತಿಳಿಸಿಹೇಳಬಲ್ಲರೆಂಬುದು ಅದರಲ್ಲಿ ಬರುವುದೇ ಇಲ್ಲ. ರೈತ ಉತ್ಪಾದಕರ ಕಂಪನಿಯೊಂದಕ್ಕೆ ಬೇಕಾದ ಮನುಷ್ಯ ಈತನೇ. ಇಂಥವರು ತಾವು ಬಲ್ಲುದನ್ನು ತಿಳಿಗನ್ನಡದಲ್ಲಿ, ವಾರಕ್ಕೊಂದರಂತೆ, ಪ್ರಕರಣ ಸಹಿತವಾಗಿ, ರೈತರ ಹೆಸರನ್ನು ಬಯಲುಮಾಡದೆ ಬರೆದು ಊರಿನ ವಾಟ್ಸಾಪ್ ಗುಂಪಿಗೆ ಹಾಕಿದರೂ ಸಾಕು. ವರ್ಷ ಕಳೆಯುವುದರೊಳಗೆ ನಾಲ್ಕು ಹೋಬಳಿಗಳಲ್ಲಿ ಅವರನ್ನು ಕೇಳಿಕೊಂಡು ಬರುವವರಿರುತ್ತಾರೆ.

ಹಣದ ವಿಷಯವನ್ನು ಅಲಕ್ಷಿಸಲಾಗದು. ಮನೆಯಲ್ಲಿ ಎಲ್ಲರೊಡನೆ ಮಾತನಾಡಿ, ಆರು ತಿಂಗಳಿಂದ ಒಂದು ವರ್ಷದವರೆಗಿನ ಸಂಸಾರ ವೆಚ್ಚವನ್ನು ಕೂಡಿಟ್ಟುಕೊಂಡು, ಕಂಪನಿಯ ಆರೋಗ್ಯ ವಿಮೆ ನಿಂತುಹೋಗುವ ಮೊದಲೇ ಸ್ವಂತ ಪಾಲಿಸಿಯನ್ನು ಮಾಡಿಸಿ, ಪಿ.ಎಫ್. ಹಣವನ್ನು ಆತುರದಲ್ಲಿ ತೆಗೆಯದೆ ಹೊಸ ಖಾತೆಗೆ ವರ್ಗಾಯಿಸಿಕೊಳ್ಳುವುದು ವಿಹಿತ. ನೋಟಿಸ್ ಅವಧಿಯ ಕಡೆಯ ದಿನದವರೆಗೂ ಹಳೆಯ ಕೆಲಸವನ್ನು ಶ್ರದ್ಧೆಯಿಂದ ಮಾಡಿ, ಕಡತಗಳನ್ನು ಮುಂದಿನವರಿಗೆ ತಿಳಿಯುವಂತೆ ಒಪ್ಪಿಸಿ ಹೊರಬರಬೇಕು. ಹೊಸ ಜಾಗದವರು ನಿಮ್ಮ ವಿಷಯವನ್ನು ವಿಚಾರಿಸಲು ಮೊದಲು ಫೋನ್ ಮಾಡುವುದು ಹಳೆಯ ಜಾಗಕ್ಕೇ.

ವೃತ್ತಿ ಬದಲಿಸುವ ಯೋಚನೆಯಲ್ಲಿರುವ ಓದುಗರಲ್ಲಿ ನನ್ನದೊಂದು ವಿಜ್ಞಾಪನೆಯಿದೆ. ರಾಜೀನಾಮೆ ಪತ್ರವನ್ನು ಬರೆಯುವ ಮೊದಲು, ನಿಮ್ಮೊಡನೆ ದುಡಿದ ಮೂವರನ್ನು ಕಂಡು, ತಮಗೆ ಎಂಥ ಕಷ್ಟ ಬಂದಾಗ ನಿಮ್ಮನ್ನು ನೆನೆಯುತ್ತಾರೆಂಬುದನ್ನು ಕೇಳಿರಿ. ಅವರ ಉತ್ತರಗಳನ್ನು ಅವರದೇ ಮಾತಿನಲ್ಲಿ ಬರೆದಿಟ್ಟುಕೊಂಡು, ಹೊಸ ಬಯೋಡೇಟಾವನ್ನು ಅಲ್ಲಿಂದ ಆರಂಭಿಸಿರಿ.