ಮೋಟಾರ್ ಹೇಗೆ ತಿರುಗುತ್ತದೆ, ಯಾಕೆ ಸುಡುತ್ತದೆ?



ಈ ತಿಂಗಳ ಜುಮಾ ಖುತ್ಬಾಗಳಲ್ಲಿ ಒಂದು ಅಮಾನತ್ ಕುರಿತಾಗಿತ್ತು. ನಮ್ಮ ವಶಕ್ಕೆ ಬಂದ ಪ್ರತಿಯೊಂದು ವಸ್ತುವಿನ ಬಗ್ಗೆಯೂ ನಾಳೆ ಅಲ್ಲಾಹನ ಮುಂದೆ ಉತ್ತರಿಸಬೇಕು ಎಂಬುದು ಅದರ ಸಾರಾಂಶ. ಆ ಮಾತನ್ನು ದಿನವೂ ನಮ್ಮ ಕೈಗೆ ಸಿಗುವ ಒಂದು ವಸ್ತುವಿಗೆ ಅನ್ವಯಿಸಿ ನೋಡೋಣ. ಅದು ಮಸೀದಿಯ ನೀರಿನ ಮೋಟಾರ್. ಅದನ್ನು ಕೊಂಡದ್ದು ಜಮಾಅತಿನವರ ಚಂದಾ ಹಣದಿಂದ. ಸುಟ್ಟರೆ ರಿವೈಂಡಿಂಗ್‌ಗೆ ಹೋಗುವುದೂ ಅದೇ ಹಣ. ಎಷ್ಟೋ ಸಲ ಮೋಟಾರ್ ಸುಡುವುದು ಅದರ ದೋಷದಿಂದಲ್ಲ, ಅದು ಹೇಗೆ ಕೆಲಸ ಮಾಡುತ್ತದೆ ಎಂಬುದು ನಮಗೆ ತಿಳಿಯದ ಕಾರಣದಿಂದ. ಆದ್ದರಿಂದ ಅದರ ಕೆಲಸವನ್ನು ಸ್ವಲ್ಪ ಅರ್ಥ ಮಾಡಿಕೊಳ್ಳೋಣ.

ನೀರೆತ್ತುವ ಯಂತ್ರಗಳು ಹೊಸತಲ್ಲ. ದಿಯಾರ್‌ಬಕೀರ್‌ನಲ್ಲಿದ್ದ ಅಲ್ ಜಝರಿ 1206ರಲ್ಲಿ ಮುಗಿಸಿದ ಗ್ರಂಥದಲ್ಲಿ ನೀರೆತ್ತುವ ಐದು ಯಂತ್ರಗಳನ್ನು ವಿವರಿಸಿದ್ದಾರೆ. ಆದರೆ ಆ ಕಾಲದ ಯಂತ್ರ ತಿರುಗಬೇಕಾದರೆ ಪ್ರಾಣಿಯ ಬಲವೋ ಹರಿಯುವ ನೀರಿನ ಬಲವೋ ಬೇಕಿತ್ತು. ತಂತಿಯ ಮೂಲಕ ದೂರದಿಂದ ಬಂದು ಚಕ್ರ ತಿರುಗಿಸುವ ಶಕ್ತಿ ಮನುಷ್ಯನ ಅರಿವಿಗೆ ಬಂದದ್ದು ಆರು ನೂರು ವರ್ಷಗಳ ನಂತರ.

ಅದರ ಆರಂಭ ದಿಕ್ಸೂಚಿಯಿಂದ. ಹೊಸ ಊರಿಗೆ ಹೋದಾಗ ಕಿಬ್ಲಾ ತಿಳಿಯಲು ನಾವು ಬಳಸುವ ದಿಕ್ಸೂಚಿಯ ಮುಳ್ಳು ಒಂದು ಪುಟ್ಟ ಅಯಸ್ಕಾಂತ. ಡೆನ್ಮಾರ್ಕಿನ ಓರ್ಸ್ಟೆಡ್ 1820ರಲ್ಲಿ ಕಂಡದ್ದೇನೆಂದರೆ, ಪಕ್ಕದ ತಂತಿಯಲ್ಲಿ ಕರೆಂಟ್ ಹರಿದರೆ ಆ ಮುಳ್ಳು ತನ್ನ ದಿಕ್ಕು ಬಿಟ್ಟು ಹೊರಳುತ್ತದೆ. ಅಂದರೆ ಕರೆಂಟ್ ಹರಿಯುವ ತಂತಿಯೂ ತನ್ನ ಸುತ್ತ ಅಯಸ್ಕಾಂತದ ಗುಣ ಪಡೆಯುತ್ತದೆ. ಮರುವರ್ಷ ಲಂಡನ್ನಿನಲ್ಲಿ ಮೈಕೆಲ್ ಫ್ಯಾರಡೆ, ಪಾದರಸದಲ್ಲಿ ತುದಿ ಅದ್ದಿದ ತಂತಿಯೊಂದು ಅಯಸ್ಕಾಂತದ ಸುತ್ತ ತಿರುಗುತ್ತಲೇ ಇರುವಂತೆ ಮಾಡಿ ತೋರಿಸಿದರು. ವಿದ್ಯುತ್ತು ಚಲನೆಯಾಗಿ ಬದಲಾದುದನ್ನು ಜನ ಕಂಡದ್ದು ಹಾಗೆ. ಫ್ಯಾರಡೆ ಕಮ್ಮಾರನ ಮಗ, ಪುಸ್ತಕಕ್ಕೆ ರಟ್ಟು ಕಟ್ಟುವ ಅಂಗಡಿಯಲ್ಲಿ ಕೆಲಸ ಕಲಿಯುತ್ತಾ ಅಲ್ಲಿಗೆ ಬಂದ ಪುಸ್ತಕಗಳನ್ನೇ ಓದಿ ಬೆಳೆದವರು. ಬಡತನದ ಕಾರಣಕ್ಕೆ ಓದು ಬಿಡುವ ನಮ್ಮ ಮಕ್ಕಳಿಗೆ ಈ ಮಾತನ್ನು ಅವಶ್ಯ ಹೇಳಬೇಕು.

ಈಗ ನಮ್ಮ ಬೋರ್‌ವೆಲ್‌ನ ಮೋಟಾರಿಗೆ ಬರೋಣ. ಅದರ ಒಳಗೆ ಎರಡು ಭಾಗಗಳಿವೆ. ಹೊರಗಿನ ಅಲುಗಾಡದ ಭಾಗದಲ್ಲಿ ತಾಮ್ರದ ತಂತಿಯ ಸುತ್ತುಗಳು. ನಾವು ವೈಂಡಿಂಗ್ ಎನ್ನುವುದು ಇದನ್ನೇ. ಒಳಗಿನ ತಿರುಗುವ ಭಾಗವನ್ನು ರೋಟರ್ ಎನ್ನುತ್ತಾರೆ. ಅದರಲ್ಲಿ ಪಂಜರದಂತೆ ಜೋಡಿಸಿದ ಲೋಹದ ಸರಳುಗಳಿವೆ. ಆಶ್ಚರ್ಯವೆಂದರೆ ರೋಟರ್‌ಗೆ ಯಾವ ವೈರಿನ ಸಂಪರ್ಕವೂ ಇಲ್ಲ.

ಹಾಗಾದರೆ ಅದು ತಿರುಗುವುದು ಹೇಗೆ? ಮೂರು ಫೇಸಿನ ಕರೆಂಟ್ ಒಂದರ ನಂತರ ಒಂದರಂತೆ ಏರಿಳಿಯುತ್ತದೆ. ಅದಕ್ಕೆ ಸರಿಯಾಗಿ ವೈಂಡಿಂಗ್‌ನ ಅಯಸ್ಕಾಂತ ಬಲವೂ ಒಂದು ಸುತ್ತಿನಿಂದ ಮುಂದಿನ ಸುತ್ತಿಗೆ ಸಾಗುತ್ತದೆ. ತವಾಫ್ ಮಾಡುವವರು ಮುಂದೆ ಸಾಗಿದಂತೆ ಈ ಬಲ ರೋಟರಿನ ಸುತ್ತ ಸುತ್ತುತ್ತಿರುತ್ತದೆ. ಅದು ಲೋಹದ ಸರಳುಗಳನ್ನು ದಾಟಿ ಹೋಗುವಾಗ ಅವುಗಳಲ್ಲಿ ತಾನಾಗಿ ಕರೆಂಟ್ ಹುಟ್ಟುತ್ತದೆ. ಫ್ಯಾರಡೆ 1831ರಲ್ಲಿ ಕಂಡುಹಿಡಿದ ನಿಯಮವಿದು. ಹಾಗೆ ಹುಟ್ಟಿದ ಕರೆಂಟ್ ರೋಟರನ್ನೂ ಅಯಸ್ಕಾಂತವನ್ನಾಗಿಸುತ್ತದೆ. ಆಗ ರೋಟರ್ ಸುತ್ತುವ ಬಲವನ್ನು ಹಿಂಬಾಲಿಸಿ ಓಡುತ್ತದೆ. ನಮ್ಮಲ್ಲಿ ಕರೆಂಟ್ ಸೆಕೆಂಡಿಗೆ 50 ಆವರ್ತನದ್ದು. ಆದ್ದರಿಂದ ಸಾಮಾನ್ಯ ಬೋರ್‌ವೆಲ್ ಮೋಟಾರಿನಲ್ಲಿ ಆ ಬಲ ನಿಮಿಷಕ್ಕೆ 3,000 ಸುತ್ತು ಹಾಕುತ್ತದೆ. ರೋಟರ್ ಅದಕ್ಕಿಂತ ತುಸು ಹಿಂದೆ, ಸುಮಾರು 2,850 ಸುತ್ತಿನಲ್ಲಿರುತ್ತದೆ. ಪೂರ್ತಿ ಸಮವಾದರೆ ಸರಳುಗಳನ್ನು ದಾಟುವ ಬಲವೇ ಇರುವುದಿಲ್ಲ, ತಳ್ಳುವ ಶಕ್ತಿಯೂ ಇರುವುದಿಲ್ಲ. ಈ ಬಗೆಯ ಮೋಟಾರಿಗೆ ನಿಕೋಲಾ ಟೆಸ್ಲಾ 1888ರಲ್ಲಿ ಪೇಟೆಂಟ್ ಪಡೆದರು. ಅದಾದ 14 ವರ್ಷಗಳಲ್ಲೇ, 1902ರಲ್ಲಿ, ನಮ್ಮ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಯ ಯಂತ್ರಗಳಿಗೆ ತಲುಪಿತ್ತು.

ಮನೆಯ ಸೀಲಿಂಗ್ ಫ್ಯಾನಿಗೆ ಬರುವುದು ಒಂದೇ ಫೇಸ್. ಅದರಿಂದ ಬಲ ಏರಿಳಿಯುತ್ತದೆಯೇ ಹೊರತು ಸುತ್ತುವುದಿಲ್ಲ. ಅದಕ್ಕೆಂದೇ ಎರಡನೆಯ ವೈಂಡಿಂಗ್ ಇಟ್ಟು, ಅದಕ್ಕೆ ಹೋಗುವ ಕರೆಂಟಿನ ಏರಿಳಿತದ ವೇಳೆಯನ್ನು ಕೆಪಾಸಿಟರ್ ಮೂಲಕ ಬದಲಿಸುತ್ತಾರೆ. ಎರಡೂ ಸೇರಿದಾಗ ಬಲ ಸುತ್ತತೊಡಗುತ್ತದೆ. ಸ್ವಿಚ್ ಹಾಕಿದಾಗ ಫ್ಯಾನ್ ಗುಂಯ್ ಎನ್ನುತ್ತಾ ನಿಂತಿದ್ದು, ಕೋಲಿನಿಂದ ತಳ್ಳಿದರೆ ಮಾತ್ರ ತಿರುಗುವುದಾದರೆ ಬಹುತೇಕ ಕೆಟ್ಟಿರುವುದು ಕೆಪಾಸಿಟರ್. ಕಡಿಮೆ ಖರ್ಚಿನಲ್ಲಿ ಸರಿಹೋಗುತ್ತದೆ, ಹೊಸ ಫ್ಯಾನ್ ಬೇಕಾಗುವುದಿಲ್ಲ.

ಮೋಟಾರ್ ಸುಡುವ ಕಾರಣವೂ ಈಗ ತಿಳಿಯುತ್ತದೆ. ರೋಟರ್ ನಿಂತೇ ಇದ್ದರೆ ಸುತ್ತುವ ಬಲ ಅದರ ಸರಳುಗಳನ್ನು ಪೂರ್ಣ ವೇಗದಲ್ಲಿ ದಾಟುತ್ತದೆ. ಆಗ ಮೋಟಾರ್ ಸಾಮಾನ್ಯಕ್ಕಿಂತ ಐದಾರು ಪಟ್ಟು ಕರೆಂಟ್ ಎಳೆಯುತ್ತದೆ. ಕರೆಂಟ್ ಆರು ಪಟ್ಟಾದರೆ ತಂತಿಯ ಬಿಸಿ ಮೂವತ್ತಾರು ಪಟ್ಟಾಗುತ್ತದೆ. ಸ್ಟಾರ್ಟ್ ಆಗುವ ಕ್ಷಣದಲ್ಲಿ ಇದು ಸಹಜ, ಕೂಡಲೇ ಇಳಿಯುತ್ತದೆ. ಆದರೆ ಮರಳು ಸಿಕ್ಕಿ ಪಂಪ್ ಜಾಮ್ ಆದಾಗಲೋ, ಮೂರರಲ್ಲಿ ಒಂದು ಫೇಸ್ ಹೋದಾಗಲೋ, ವೋಲ್ಟೇಜ್ ತೀರಾ ಕಡಿಮೆ ಇದ್ದಾಗಲೋ ಮತ್ತೆ ಮತ್ತೆ ಸ್ವಿಚ್ ಒತ್ತುತ್ತಿದ್ದರೆ ತಂತಿಯ ಮೇಲಿನ ವಾರ್ನಿಶ್ ಕರಗಿ ವೈಂಡಿಂಗ್ ಹೋಗುತ್ತದೆ. ಸದ್ದು ಮಾತ್ರ ಬಂದು ನೀರು ಬಾರದಿದ್ದರೆ ತಕ್ಷಣ ಆಫ್ ಮಾಡಿ. ಬೋರ್‌ವೆಲ್‌ನೊಳಗಿನ ಮೋಟಾರನ್ನು ತಂಪಾಗಿಡುವುದು ಸುತ್ತಲಿನ ನೀರೇ. ಆದ್ದರಿಂದ ಬೇಸಿಗೆಯಲ್ಲಿ ನೀರು ಇಳಿದಾಗ ಅದನ್ನು ಬರಿದೇ ಓಡಿಸಬಾರದು.

ಹಣಕ್ಕಿಂತ ದೊಡ್ಡ ಅಮಾನತ್ ಜೀವ. ವುಝೂ ಮಾಡುವ ಜಾಗ ಸದಾ ಒದ್ದೆ, ನಮ್ಮ ಕಾಲು ಬರಿಗಾಲು. ವೈಂಡಿಂಗ್‌ನ ಹೊದಿಕೆ ಹಾಳಾದರೆ ಕರೆಂಟ್ ಮೋಟಾರಿನ ಮೈಗೆ, ಕಬ್ಬಿಣದ ಪೈಪಿಗೆ ಬರಬಹುದು. ಸರಿಯಾದ ಅರ್ಥಿಂಗ್ ಇದ್ದರೆ ಅದು ನೆಲಕ್ಕೆ ಹೋಗುತ್ತದೆ. ಇಲ್ಲವಾದರೆ ಮುಟ್ಟಿದವರ ದೇಹದ ಮೂಲಕ ಹೋಗುತ್ತದೆ. 30 ಮಿಲಿಆಂಪಿಯರ್ ಸೋರಿಕೆಗೇ ಲೈನ್ ಕಡಿಯುವ ಆರ್.ಸಿ.ಸಿ.ಬಿ. ಎಂಬ ಸಾಧನ ಸಿಗುತ್ತದೆ. ಮಸೀದಿ ಕಮಿಟಿಯವರು ಮಿನಾರಕ್ಕೆ ಬಣ್ಣ ಹೊಡೆಸುವ ಮೊದಲು ಇದನ್ನು ಹಾಕಿಸಲಿ, ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ನಿಂದ ಅರ್ಥಿಂಗ್ ಪರೀಕ್ಷಿಸಲಿ. ಯಾರಿಗಾದರೂ ಶಾಕ್ ಹೊಡೆದರೆ ಅವರನ್ನು ಮುಟ್ಟಬೇಡಿ, ಮೊದಲು ಮೇನ್ ಆಫ್ ಮಾಡಿ. ಆಟೋ ಸ್ಟಾರ್ಟರ್ ಇರುವಲ್ಲಿ ಕರೆಂಟ್ ಇಲ್ಲವೆಂದು ನಂಬಿ ರಿಪೇರಿಗೆ ಕೈ ಹಾಕಬೇಡಿ. ಲೈನ್ ಬಂದ ಕೂಡಲೇ ಮೋಟಾರ್ ತಾನಾಗಿ ಓಡತೊಡಗುತ್ತದೆ.

ಕೊನೆಯ ಮಾತು. ಒಂದು ಎಚ್‌ಪಿ ಮೋಟಾರ್ ಒಂದು ಗಂಟೆ ಓಡಿದರೆ ಸುಮಾರು ಒಂದು ಯೂನಿಟ್ ಖರ್ಚು. ಟ್ಯಾಂಕ್ ತುಂಬಿ ಹರಿಯುತ್ತಿದ್ದರೆ ನೀರೂ ಯೂನಿಟ್ಟೂ ಇಸ್ರಾಫ್. ಪ್ರವಾದಿ(ಸ) ಒಂದು ಮುದ್ದ್, ಅಂದರೆ ಮುಕ್ಕಾಲು ಲೀಟರಿನಷ್ಟು ನೀರಿನಲ್ಲಿ ವುಝೂ ಮುಗಿಸುತ್ತಿದ್ದರು. ಇನ್ನು ಮದುವೆ, ಜಲ್ಸಾಗಳಿಗೆ ಲೈನಿಗೆ ಕೊಕ್ಕೆ ಹಾಕಿ ಕರೆಂಟ್ ಪಡೆಯುವುದು ಕಾನೂನಿನಂತೆ ಅಪರಾಧ, ದೀನಿನಂತೆ ಕಳ್ಳತನ. ಸರಕಾರದ ಸ್ವತ್ತು ಯಾರದೂ ಅಲ್ಲ ಎಂಬ ಮಾತು ಇಸ್ಲಾಮಿನಲ್ಲಿಲ್ಲ, ಅದು ಎಲ್ಲರದೂ ಆಗಿದೆ.

ನಮ್ಮ ಕೈಗೆ ಕೊಟ್ಟ ಪ್ರತಿಯೊಂದು ಅನುಗ್ರಹವನ್ನು ಅರಿತು ಬಳಸುವ ತೌಫೀಕನ್ನು ಅಲ್ಲಾಹನು ನಮಗೆಲ್ಲ ದಯಪಾಲಿಸಲಿ. ಆಮೀನ್.