ಇಪ್ಪತ್ತು ಡಿಗ್ರಿಯ ಪುಸ್ತಕ, ಮೂವತ್ತು ಡಿಗ್ರಿಯ ನಲ್ಲಿ

ಕಪ್ಪುಬಿಳುಪು ಫಿಲಂ ತೊಳೆಯುವುದನ್ನು ಹೇಳಿಕೊಡುವ ಯಾವ ಪುಸ್ತಕವನ್ನು ತೆರೆದರೂ ಕೊನೆಯ ಪುಟಗಳಲ್ಲಿ ಒಂದು ಕೋಷ್ಟಕ ಇರುತ್ತದೆ. ಯಾವ ಫಿಲಂಗೆ ಯಾವ ಡೆವಲಪರ್, ಎಷ್ಟು ನಿಮಿಷ ಎಂಬ ಲೆಕ್ಕ ಅದರಲ್ಲಿರುತ್ತದೆ. ಮೇಲೆ ಚಿಕ್ಕ ಅಕ್ಷರದಲ್ಲಿ ಒಂದು ಷರತ್ತು: ದ್ರಾವಣ 20 ಡಿಗ್ರಿ ಸೆಲ್ಸಿಯಸ್ ಇರಬೇಕು. ಇಂಗ್ಲೆಂಡಿನಲ್ಲೋ ಅಮೆರಿಕದ ರಾಚೆಸ್ಟರಿನಲ್ಲೋ ಕೂತು ಬರೆದವರಿಗೆ ಅದು ಸಹಜವಾದ ಕೋಣೆಯ ಉಷ್ಣತೆ. ಮೈಸೂರಿನಲ್ಲಿ ಏಪ್ರಿಲ್ ಮಧ್ಯಾಹ್ನ ಹೊರಗೆ 34-35 ಡಿಗ್ರಿ. ತಾರಸಿ ಮೇಲಿನ ಕರಿ ಸಿಂಟೆಕ್ಸ್ ತೊಟ್ಟಿಯಲ್ಲಿ ಬೆಳಗಿನಿಂದ ಕಾದ ನೀರು ನಲ್ಲಿಯಲ್ಲಿ 30ರ ಆಸುಪಾಸಿನಲ್ಲಿ ಬರುತ್ತದೆ. ಮನೆಯ ಬಚ್ಚಲನ್ನೇ ಡಾರ್ಕ್‌ರೂಮ್ ಮಾಡಿಕೊಂಡವರ ಎಡವಟ್ಟುಗಳಲ್ಲಿ ಬಹುಪಾಲು, ನನ್ನ ಅಂದಾಜಿನಲ್ಲಿ, ಈ ಹತ್ತು ಡಿಗ್ರಿಯ ಅಂತರದಲ್ಲೇ ಹುಟ್ಟುತ್ತವೆ. ಕತ್ತಲೆಗೆ ಹೆದರುವವರು ಬಿಸಿಗೆ ಹೆದರುವುದಿಲ್ಲ.

ಫಿಲಂ ಮೇಲಿರುವುದು ಜೆಲಟಿನ್ ಪದರ, ಅದರೊಳಗೆ ಬೆಳ್ಳಿಯ ಹ್ಯಾಲೈಡ್ ಹರಳುಗಳು. ಷಟರ್ ತೆರೆದ ಕ್ಷಣದಲ್ಲಿ ಬೆಳಕು ಬಿದ್ದ ಹರಳುಗಳಲ್ಲಿ ಮೂರು ನಾಲ್ಕು ಬೆಳ್ಳಿ ಪರಮಾಣುಗಳ ಒಂದು ಚುಕ್ಕೆ ಮೂಡುತ್ತದೆ, ಅಷ್ಟೇ. ಸೂಕ್ಷ್ಮದರ್ಶಕಕ್ಕೂ ಕಾಣದ ಈ ಚುಕ್ಕೆಯೇ ಚಿತ್ರ. ಡೆವಲಪರ್ ಮಾಡುವ ಕೆಲಸವೆಂದರೆ ಅಂಥ ಚುಕ್ಕೆ ಇರುವ ಹರಳಿಗೆ ಎಲೆಕ್ಟ್ರಾನುಗಳನ್ನು ಒದಗಿಸಿ ಇಡೀ ಹರಳನ್ನೇ ಕಪ್ಪು ಬೆಳ್ಳಿಯಾಗಿ ಬದಲಿಸುವುದು. ಆ ನಾಲ್ಕು ಪರಮಾಣುಗಳು ಸುಮಾರು ನೂರು ಕೋಟಿಯಷ್ಟಾಗುತ್ತವೆ. ಆದರೆ ಡೆವಲಪರಿಗೆ ವಿವೇಕ ಇಲ್ಲ. ಸಾಕಷ್ಟು ಹೊತ್ತು ಬಿಟ್ಟರೆ, ಇಲ್ಲವೇ ಸಾಕಷ್ಟು ಬಿಸಿ ಮಾಡಿದರೆ, ಬೆಳಕನ್ನೇ ಕಾಣದ ಹರಳುಗಳನ್ನೂ ಅದು ಕಪ್ಪಾಗಿಸುತ್ತದೆ. ಬೆಳಕು ಕಂಡ ಹರಳು ಬೇಗ, ಕಾಣದ ಹರಳು ನಿಧಾನ. ಚಿತ್ರ ಉಳಿದಿರುವುದು ಈ ವೇಗದ ವ್ಯತ್ಯಾಸದಲ್ಲಿ. ಉಷ್ಣತೆ ಏರಿದಂತೆ ರಾಸಾಯನಿಕ ಕ್ರಿಯೆ ಜೋರಾಗುತ್ತದೆ, ಕೈಗಡಿಯಾರ ಮಾತ್ರ ತನ್ನ ಪಾಡಿಗೆ ಓಡುತ್ತಿರುತ್ತದೆ. ಹೀಗಾಗಿ ಪುಸ್ತಕದ ನಿಮಿಷಗಳನ್ನು ನಂಬಿ 29 ಡಿಗ್ರಿಯಲ್ಲಿ ತೊಳೆದ ರೀಲಿನಲ್ಲಿ ಆಕಾಶ ಇದ್ದಿಲಿನಂತೆ ಕಪ್ಪು, ನೆರಳಿನ ಭಾಗದಲ್ಲೂ ಬೂದಿ ಮುಸುಕು.

ಕೊಡಕ್ ಕಂಪನಿಯ ಡಿ-76 ಡೆವಲಪರ್ 1927ರದು. ಇಲ್‌ಫರ್ಡ್‌ನ ಐಡಿ-11 ಹೆಚ್ಚುಕಡಿಮೆ ಅದೇ ಪಾಕ. ಎಚ್‌ಪಿ5 ಪ್ಲಸ್ ಫಿಲಂ ಅನ್ನು ಐಡಿ-11ರಲ್ಲಿ ನೀರು ಬೆರೆಸದೆ ತೊಳೆದರೆ 20 ಡಿಗ್ರಿಯಲ್ಲಿ ಏಳೂವರೆ ನಿಮಿಷ. 24 ಡಿಗ್ರಿಗೆ ಹೋದರೆ ಅದು ಐದು ನಿಮಿಷದ ಹತ್ತಿರಕ್ಕೆ ಇಳಿಯುತ್ತದೆ. ಐದಕ್ಕಿಂತ ಕೆಳಗೆ ಇಳಿಯಬಾರದು: ದ್ರಾವಣ ಸುರಿಯುವುದಕ್ಕೆ, ಬಸಿಯುವುದಕ್ಕೆ ಹಿಡಿಯುವ ಅರ್ಧ ನಿಮಿಷವೇ ಒಟ್ಟು ಸಮಯದ ದೊಡ್ಡ ಪಾಲಾಗಿ ಚಿತ್ರದಲ್ಲಿ ಪಟ್ಟೆಪಟ್ಟೆ ಬೀಳುತ್ತದೆ. ನಮ್ಮ ಊರಿಗೆ ಹೊಂದುವ ದಾರಿ ಬೇರೆ. ಡೆವಲಪರಿಗೆ ಸಮಪಾಲು ನೀರು ಬೆರೆಸಿ. ಆಗ 20 ಡಿಗ್ರಿಯಲ್ಲಿ 13 ನಿಮಿಷ, 24 ಡಿಗ್ರಿಯಲ್ಲಿ ಸುಮಾರು 9. ಬೇಸಿಗೆಯಲ್ಲೂ ಕೈಗೆ ಸಾಕಷ್ಟು ಸಮಯ ಸಿಗುತ್ತದೆ, ಅರ್ಧ ನಿಮಿಷದ ಹೆಚ್ಚುಕಡಿಮೆ ಲೆಕ್ಕಕ್ಕೆ ಬರುವುದಿಲ್ಲ.

ಈ ನೀರಿನ ಪಾಲೇ ಉಷ್ಣತೆಯ ಕೀಲಿಯೂ ಹೌದು. ಬಾಟಲಿಯ ಡೆವಲಪರ್ 28 ಡಿಗ್ರಿ ಇದೆ, ನಿಮಗೆ ಬೇಕಾದದ್ದು 22. ಹಾಗಾದರೆ ಬೆರೆಸುವ ಸಮಪಾಲು ನೀರು 16 ಡಿಗ್ರಿ ಇರಲಿ. ಫ್ರಿಜ್ಜಿನ ನೀರಿಗೆ ಒಂದಿಷ್ಟು ನಲ್ಲಿ ನೀರು ಸೇರಿಸಿದರೆ ಆಯಿತು, ಪ್ರಾಥಮಿಕ ಶಾಲೆಯ ಸರಾಸರಿ ಲೆಕ್ಕ. ಆಮೇಲೆ ಫಿಲಂ ತೊಳೆಯುವ ಪುಟ್ಟ ಮುಚ್ಚಳದ ತೊಟ್ಟಿಯನ್ನೂ ಬಾಟಲಿಗಳನ್ನೂ ಅದೇ ಉಷ್ಣತೆಯ ನೀರಿರುವ ಅಗಲವಾದ ಬೇಸಿನ್ನಿನಲ್ಲಿ ನಿಲ್ಲಿಸಬೇಕು. ಇಲ್ಲದಿದ್ದರೆ ಹತ್ತು ನಿಮಿಷದೊಳಗೆ ಎಲ್ಲವೂ ಕೋಣೆಯ ಬಿಸಿಗೆ ಏರುತ್ತದೆ. ಬೇಸಿನ್ನಿನ ನೀರು ಮಣ್ಣಿನ ಹೂಜಿಯದಾದರೆ ಒಳ್ಳೆಯದು. ಒಣಹವೆಯ ಮಾರ್ಚ್-ಏಪ್ರಿಲ್‌ನಲ್ಲಿ ಹೂಜಿಯ ಮೈಯಿಂದ ಆವಿಯಾಗುವ ನೀರು ಶಾಖವನ್ನೂ ಹೊತ್ತೊಯ್ಯುವುದರಿಂದ ಒಳಗಿನದು ನಲ್ಲಿ ನೀರಿಗಿಂತ ಹಲವು ಡಿಗ್ರಿ ತಂಪು. ಜುಲೈನ ಜಡಿಮಳೆಯಲ್ಲಿ ಈ ಉಪಾಯ ಕೈಕೊಡುತ್ತದೆ, ಆಗ ಅದರ ಅಗತ್ಯವೂ ಇರುವುದಿಲ್ಲ. ಐಸ್ ಹಾಕುವುದಾದರೆ ಬೇಸಿನ್ನಿಗೆ ಹಾಕಿ, ಡೆವಲಪರಿಗೆ ಬೇಡ. ಕರಗಿದಷ್ಟೂ ಅದು ತೆಳುವಾಗುತ್ತದೆ. ಜ್ವರ ನೋಡುವ ಥರ್ಮಾಮೀಟರು ಈ ಕೆಲಸಕ್ಕೆ ಬಾರದು, ಅದರ ಅಳತೆ ಶುರುವಾಗುವುದೇ 35ರ ಹತ್ತಿರದಿಂದ. ಶಾಲಾ ಪ್ರಯೋಗಾಲಯದ ಗಾಜಿನ ಥರ್ಮಾಮೀಟರು ಸಾಕು. ಇಷ್ಟೆಲ್ಲ ಗೋಜು ಬೇಡ ಎನ್ನುವವರು ಜನವರಿಯ ಮುಂಜಾನೆ ತೊಳೆಯಲಿ. ರಾತ್ರಿ 16 ಡಿಗ್ರಿಗೆ ಇಳಿಯುವ ಊರಿನಲ್ಲಿ ಆಗ ನಲ್ಲಿಯೇ ಪುಸ್ತಕದ ಮಾತು ಕೇಳುತ್ತದೆ.

ಡಿ-76 ಅನ್ನು ಮನೆಯಲ್ಲೇ ತೂಗಿ ಮಾಡಿಕೊಳ್ಳುವವರೂ ಇದ್ದಾರೆ. ಒಂದು ಲೀಟರಿಗೆ ಮೆಟಾಲ್ 2 ಗ್ರಾಂ, ನಿರ್ಜಲ ಸೋಡಿಯಂ ಸಲ್ಫೈಟ್ 100 ಗ್ರಾಂ, ಹೈಡ್ರೋಕ್ವಿನೋನ್ 5 ಗ್ರಾಂ, ಬೋರಾಕ್ಸ್ 2 ಗ್ರಾಂ. ಬೋರಾಕ್ಸ್ ಅಂದರೆ ಗ್ರಂಧಿಗೆ ಅಂಗಡಿಯ ಬಿಳಿಗಾರವೇ. ಇಲ್ಲಿ ತಪ್ಪು ನುಸುಳುವುದು ಅನುಕ್ರಮದಲ್ಲಿ. ಸಲ್ಫೈಟ್ ತುಂಬಿದ ನೀರಿನಲ್ಲಿ ಮೆಟಾಲ್ ಕರಗಲು ಒಪ್ಪುವುದಿಲ್ಲ, ಹಾಗಾಗಿ ಮೊದಲು ಮೆಟಾಲ್. ಆದರೆ ಬರೀ ನೀರಿನಲ್ಲಿ ಅದು ಗಾಳಿಯ ಆಮ್ಲಜನಕಕ್ಕೆ ಸಿಕ್ಕು ಕೆಡುತ್ತದೆ, ಹಾಗಾಗಿ ಅದಕ್ಕೂ ಮೊದಲು ಒಂದೇ ಒಂದು ಚಿಟಿಕೆ ಸಲ್ಫೈಟ್. ನೀರು 50 ಡಿಗ್ರಿ ಬಿಸಿ ಇರಲಿ, ಆರಿದ ಮೇಲೆ ಬಳಸಿ. ಮೆಟಾಲ್ ಕೆಲವರ ಕೈಗೆ ತುರಿಕೆ, ಹುಣ್ಣು ತರುತ್ತದೆ, ಗವಸು ಹಾಕಿಕೊಳ್ಳಿ. ಅಡುಗೆಮನೆಯ ಲೋಟ, ಚಮಚ ಮುಟ್ಟಬೇಡಿ. ತಂಪು ಪಾನೀಯದ ಬಾಟಲಿಯಲ್ಲಿ ತುಂಬಿಟ್ಟರೆ ದೊಡ್ಡದಾಗಿ ಹೆಸರು ಬರೆದ ಚೀಟಿ ಅಂಟಿಸಿ, ಮಕ್ಕಳ ಕೈಗೆ ಸಿಗದಂತೆ ಇಡಿ. ದ್ರಾವಣ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತೆಂದರೆ ಅದು ಸತ್ತಿದೆ. ಚೆಲ್ಲುವುದಕ್ಕೆ ಮನಸ್ಸು ಬಾರದೆ ಇನ್ನೊಂದೇ ರೀಲು ಎನ್ನುವ ಜಿಪುಣತನ ಮೂವತ್ತಾರು ಚಿತ್ರಗಳನ್ನು ನುಂಗುತ್ತದೆ.

ಇನ್ನು ಕತ್ತಲೆ. ಸಿನಿಮಾಗಳಲ್ಲಿ ಕಾಣುವ ಕೆಂಪು ಬಲ್ಬು ಮುದ್ರಣದ ಕಾಗದಕ್ಕೆ ಮಾತ್ರ. ಕಾಗದಕ್ಕೆ ಕೆಂಪು ಕಾಣದು. ಇಂದಿನ ಬಹುತೇಕ ಫಿಲಂಗಳಿಗೆ ಎಲ್ಲ ಬಣ್ಣಗಳೂ ಕಾಣುತ್ತವೆ. ಹಾಗಾಗಿ ಫಿಲಂ ಅನ್ನು ತೊಟ್ಟಿಯೊಳಗೆ ಕೂರುವ ಸುರುಳಿಗೆ ಸುತ್ತುವಾಗ ಪೂರ್ತಿ ಕತ್ತಲೆ ಬೇಕು. ಬಚ್ಚಲ ಬಾಗಿಲು ಹಾಕಿಕೊಂಡು ಐದಾರು ನಿಮಿಷ ಸುಮ್ಮನೆ ಕೂತರೆ ಕಣ್ಣು ಹೊಂದಿಕೊಂಡು ಬಾಗಿಲ ಸಂದಿ, ಗವಾಕ್ಷಿ, ಗೀಸರಿನ ದೀಪ ಒಂದೊಂದಾಗಿ ತಮ್ಮ ಇರವು ಹೇಳುತ್ತವೆ. ಹಾಳಾದ ರೀಲೊಂದನ್ನು ಬೆಳಕಿನಲ್ಲಿ, ಆಮೇಲೆ ಕಣ್ಣು ಮುಚ್ಚಿ ಸುತ್ತಿ ಕೈ ಪಳಗಿಸಿಕೊಳ್ಳದೆ ನಿಜವಾದ ರೀಲಿಗೆ ಕೈ ಹಾಕಬಾರದು. ಪ್ಲಾಸ್ಟಿಕ್ ಸುರುಳಿಯಲ್ಲಿ ಒಂದು ಹನಿ ತೇವ ಇದ್ದರೂ ಫಿಲಂ ಅಲ್ಲೇ ಕಚ್ಚಿಕೊಳ್ಳುತ್ತದೆ. ಬೇಸಿಗೆಯಲ್ಲಿ ಬೆವರು ಸಹ ಸಾಕು, ಬೆಳಕು ನುಸುಳದ ಚೀಲದೊಳಗೆ ಕೈ ತೂರಿಸಿ ಸುತ್ತುವವರಿಗೆ ಇದು ಗೊತ್ತು. ಫಿಲಂನ ಬಾಲಕ್ಕೆ ಅಂಟಿಸಿರುವ ಟೇಪನ್ನು ಸರಕ್ಕನೆ ಕೀಳಬೇಡಿ. ಅಂಟು ಬಿಡುವಾಗ ವಿದ್ಯುದಾವೇಶಗಳು ಬೇರ್ಪಟ್ಟು ಕತ್ತಲಲ್ಲಿ ಮಂದವಾದ ನೀಲಿ ಬೆಳಕು ಮಿನುಗುತ್ತದೆ, ಕಣ್ಣಾರೆ ನೋಡಬಹುದು. ಕತ್ತರಿಯಿಂದ ಕತ್ತರಿಸಿದರೆ ಆ ತಂಟೆ ಇಲ್ಲ. ತೊಟ್ಟಿಯ ನಡುವಿನ ಕಪ್ಪು ಕೊಳವೆಯನ್ನು ಮರೆತು ಮುಚ್ಚಳ ಹಾಕುವವರೂ ಇದ್ದಾರೆ. ಅದು ಸುರುಳಿ ತಿರುಗಿಸುವ ಕಡ್ಡಿ ಎಂದುಕೊಂಡಿರುತ್ತಾರೆ. ಬೆಳಕನ್ನು ತಡೆಯುವುದೇ ಅದರ ಕೆಲಸ.

ದ್ರಾವಣ ತುಂಬಿದ ಕೂಡಲೇ ತೊಟ್ಟಿಯ ತಳವನ್ನು ಮೇಜಿಗೆ ಒಂದೆರಡು ಬಾರಿ ಕುಟ್ಟಬೇಕು. ಇಲ್ಲದಿದ್ದರೆ ಗಾಳಿಗುಳ್ಳೆ ಕೂತ ಜಾಗದಲ್ಲಿ ಡೆವಲಪರ್ ತಾಗದೆ ದುಂಡನೆಯ ತಿಳಿ ಚುಕ್ಕೆ ಉಳಿಯುತ್ತದೆ. ಪ್ರತಿ ನಿಮಿಷದ ಮೊದಲ 10 ಸೆಕೆಂಡು ತೊಟ್ಟಿಯನ್ನು ನಾಲ್ಕು ಸಲ ಮಗುಚಿ ಆಮೇಲೆ ಸುಮ್ಮನೆ ಬಿಡುವುದು ಇಲ್‌ಫರ್ಡ್ ಹೇಳುವ ಕ್ರಮ, ನನಗೂ ಅದೇ ಸರಿ ಅನ್ನಿಸುತ್ತದೆ. ಭಯದಿಂದ ಬಿಡದೆ ಅಲ್ಲಾಡಿಸಿದರೆ ಅಂಚಿನ ರಂಧ್ರಗಳ ಮೂಲಕ ದ್ರಾವಣ ನುಗ್ಗಿ ಪ್ರತಿ ರಂಧ್ರದ ಎದುರಿಗೂ ಕಪ್ಪು ಗೆರೆ ಬೀಳುತ್ತದೆ. ಅಲ್ಲಾಡಿಸದೇ ಬಿಟ್ಟರೆ ಕಪ್ಪಾದ ಭಾಗಗಳಿಂದ ಹೊರಬಂದ ಬ್ರೋಮೈಡ್ ಕೆಳಗೆ ಜಾರುತ್ತಾ ಹೋದ ದಾರಿಯಲ್ಲೆಲ್ಲ ಕ್ರಿಯೆಯನ್ನು ತಡೆಯುತ್ತದೆ.

ಬಿಸಿಯ ಇನ್ನೊಂದು ಆಟ ಜೆಲಟಿನ್ ಮೇಲೆ. ಒದ್ದೆಯಾದ ಜೆಲಟಿನ್ ಉಬ್ಬುತ್ತದೆ, ಬಿಸಿಯಲ್ಲಿ ಇನ್ನಷ್ಟು. 28 ಡಿಗ್ರಿಯ ಡೆವಲಪರಿನಿಂದ ತೆಗೆದು ಫ್ರಿಜ್ಜಿನ ನೀರಿಗೆ ಹಾಕಿದರೆ ಪದರ ಒಮ್ಮೆಲೇ ಕುಗ್ಗಿ ಒಣಗಿದ ಕೆರೆಯಂಗಳದ ಹಾಗೆ ಬಿರಿಯಬಹುದು. ಈಗಿನ ಫಿಲಂಗಳ ಜೆಲಟಿನ್ನನ್ನು ಗಟ್ಟಿ ಮಾಡಿರುವುದರಿಂದ ಈ ಅಪಾಯ ಕಡಿಮೆಯಾಗಿದೆ, ಹೋಗಿಲ್ಲ. ಎಲ್ಲ ದ್ರಾವಣಗಳೂ ತೊಳೆಯುವ ನೀರೂ ಒಂದೆರಡು ಡಿಗ್ರಿಯ ಒಳಗೆ ಇದ್ದರೆ ಸಾಕು. 20 ಇರಲೇಬೇಕೆಂಬ ಹಟಕ್ಕಿಂತ ಈ ಸಮತೆ ಮುಖ್ಯ. ಫಿಲಂ ಎಂಬ ವಸ್ತುವಿಗೇ ತಂಪು ಬೇಕು, ದೂಳಿಲ್ಲದ ಗಾಳಿ ಬೇಕು. ನಮ್ಮ ದೇಶದ ಹಿಂದೂಸ್ತಾನ್ ಫೋಟೋ ಫಿಲಂಸ್ ಕಾರ್ಖಾನೆಯನ್ನು 1960ರಲ್ಲಿ ಮೈಸೂರಿಗೆ ನೆರೆಯ ಊಟಿಯಲ್ಲಿ ಸ್ಥಾಪಿಸಿದ್ದು ಸುಮ್ಮನೆ ಅಲ್ಲ. ಫ್ರಾನ್ಸಿನ ಬೋಶೆ ಕಂಪನಿಯ ನೆರವಿನಿಂದ 1967ರಲ್ಲಿ ಅಲ್ಲಿ ಉತ್ಪಾದನೆ ಶುರುವಾಯಿತು, ‘ಇಂದು’ ಹೆಸರಿನ ಫಿಲಂ ದೇಶದ ತುಂಬ ಹೋಯಿತು. ಈಗ ಆ ಕಾರ್ಖಾನೆ ಮುಚ್ಚಿದೆ. ಇಂದು ಮೈಸೂರಿನ ಹುಡುಗ ಹುಡುಗಿಯರು ಕೊಳ್ಳುವ ರೀಲು ಸಮುದ್ರ ದಾಟಿ ಬಂದದ್ದು, ದುಬಾರಿ. ಎಡವಟ್ಟಿನ ಬೆಲೆಯೂ ಏರಿದೆ.

ಹಾಳಾದ ರೀಲನ್ನು ಬಿಸಾಡುವ ಮುಂಚೆ ಓದಬೇಕು. ಫಿಲಂನ ಅಂಚಿನಲ್ಲಿ ಕಂಪನಿಯ ಹೆಸರು, ಚಿತ್ರದ ಸಂಖ್ಯೆಗಳು ಕಾರ್ಖಾನೆಯಲ್ಲೇ ಬೆಳಕಿನಿಂದ ಅಚ್ಚಾಗಿರುತ್ತವೆ, ಅವೂ ಡೆವಲಪರಿನಲ್ಲೇ ಮೂಡಬೇಕು. ಚಿತ್ರವಿಲ್ಲ, ಆದರೆ ಸಂಖ್ಯೆಗಳು ಕಪ್ಪಾಗಿ ಸ್ಪಷ್ಟವಾಗಿವೆ ಎಂದರೆ ತೊಳೆದವರ ತಪ್ಪಿಲ್ಲ. ಕ್ಯಾಮೆರಾದೊಳಗೆ ರೀಲು ಮುಂದಕ್ಕೆ ಸರಿದೇ ಇಲ್ಲ, ಅಥವಾ ಷಟರ್ ತೆರೆದಿಲ್ಲ. ಸಂಖ್ಯೆಗಳೂ ಇಲ್ಲ, ಇಡೀ ಫಿಲಂ ಗಾಜಿನಂತೆ ಇದೆ ಎಂದರೆ ಡೆವಲಪರ್ ಸತ್ತಿತ್ತು, ಇಲ್ಲವೇ ಕಪ್ಪಾಗದೆ ಉಳಿದ ಹರಳುಗಳನ್ನು ಕರಗಿಸಿ ತೆಗೆಯುವ ಹೈಪೋವನ್ನು ಡೆವಲಪರಿಗೂ ಮೊದಲೇ ಸುರಿದಿದ್ದೀರಿ. ಸಂಖ್ಯೆಗಳು ದಟ್ಟ, ನೆರಳಿನ ಭಾಗ ಖಾಲಿ ಎಂದರೆ ಬೆಳಕು ಕೊಟ್ಟದ್ದು ಕಡಿಮೆ. ಸಂಖ್ಯೆಗಳೇ ಮಂಕಾಗಿದ್ದರೆ ತೊಳೆದ ಸಮಯ ಸಾಲದು. ಒಂದು ಅಂಚಿನುದ್ದಕ್ಕೂ ತೆಳು ಪಟ್ಟೆ ಕಂಡರೆ ತೊಟ್ಟಿಯಲ್ಲಿ ದ್ರಾವಣ ಸುರುಳಿಯನ್ನು ಮುಳುಗಿಸುವಷ್ಟು ಇರಲಿಲ್ಲ. ಹಾಲಿನಂತೆ ಮಸುಕಾಗಿದ್ದರೆ ಮಾತ್ರ ಖುಷಿಪಡಿ, ಹೈಪೋ ಸಾಲದೆ ಹೋಗಿದೆ ಅಷ್ಟೆ. ಮತ್ತೆ ಹೈಪೋದಲ್ಲಿ ಅದ್ದಿದರೆ ತಿಳಿಯಾಗುತ್ತದೆ. ಎಷ್ಟು ಹೊತ್ತು ಅದ್ದಬೇಕೆಂಬುದನ್ನು ಫಿಲಂನ ತುದಿಯ ಚೂರನ್ನು ಮೊದಲೇ ಹಾಕಿ ನೋಡಿಕೊಳ್ಳಬಹುದು: ಅದು ತಿಳಿಯಾಗಲು ಹಿಡಿದ ಸಮಯದ ಎರಡರಷ್ಟು.

ಹೈಪೋ ಬೆಳ್ಳಿಯ ಲವಣಗಳನ್ನು ಕರಗಿಸುತ್ತದೆ ಎಂದು ಜಾನ್ ಹರ್ಷೆಲ್ ಕಂಡುಕೊಂಡದ್ದು 1819ರಲ್ಲಿ, ಛಾಯಾಗ್ರಹಣ ಲೋಕಕ್ಕೆ ಪ್ರಕಟವಾಗುವ ಇಪ್ಪತ್ತು ವರ್ಷ ಮುಂಚೆ. ಅದೇ ಹೈಪೋ ಫಿಲಂನಲ್ಲಿ ಉಳಿದುಬಿಟ್ಟರೆ ವರ್ಷಗಳ ಮೇಲೆ ಬೆಳ್ಳಿಯನ್ನು ಸಲ್ಫೈಡ್ ಮಾಡಿ ಹಳದಿ ಕಲೆ ತರುತ್ತದೆ. ಮೈಸೂರಿನವರೇ ಆದ ಟಿ.ಎಸ್. ಸತ್ಯನ್ (1923–2009) ಅವರ ತಲೆಮಾರಿನ ಪತ್ರಿಕಾ ಛಾಯಾಗ್ರಾಹಕರ ಕೆಲಸ ಇಂದಿಗೂ ನಮಗೆ ಕಾಣಸಿಗುವುದರಲ್ಲಿ, ಕಣ್ಣಿನ ಪ್ರತಿಭೆಯ ಜೊತೆಗೆ, ಯಾರೋ ತಾಳ್ಮೆಯಿಂದ ತೊಳೆದ ನೀರಿನ ಪಾಲೂ ಇದೆ. ನಲ್ಲಿಯಲ್ಲಿ ನೀರು ದಿನ ಬಿಟ್ಟು ದಿನ ಬರುವ ಬಡಾವಣೆಯಲ್ಲಿ ಅರ್ಧ ಗಂಟೆ ಹರಿಯುವ ನೀರಿನಲ್ಲಿ ತೊಳೆಯಿರಿ ಎಂದರೆ ಯಾರೂ ಕೇಳುವುದಿಲ್ಲ. ಗಟ್ಟಿಗೊಳಿಸುವ ಲವಣವಿಲ್ಲದ ಹೈಪೋ ಬಳಸಿದ್ದರೆ ತೊಟ್ಟಿಗೆ ನೀರು ತುಂಬಿ 5 ಸಲ ಮಗುಚಿ ಚೆಲ್ಲಿ, ಮತ್ತೆ ತುಂಬಿ 10 ಸಲ, ಮತ್ತೆ 20 ಸಲ. ಹೈಪೋ ಫಿಲಂನಿಂದ ನೀರಿಗೆ ಸರಿಸಮವಾಗುವ ತನಕ ಹರಿದು ಬರುವುದರಿಂದ ಮೂರು ಸಲ ಬದಲಿಸಿದ ನೀರು ಸಾಕು, ಒಂದು ಲೀಟರಿನಲ್ಲಿ ಮುಗಿಯುತ್ತದೆ. ಬೋರ್‌ವೆಲ್ ನೀರಿನ ಮನೆಯಾದರೆ ಕೊನೆಯ ಅದ್ದುವಿಕೆ ಬ್ಯಾಟರಿಗೆ ಹಾಕುವ ನೀರಿನಲ್ಲಿ ಆಗಲಿ, ಒಂದು ಹನಿ ಪಾತ್ರೆ ತೊಳೆಯುವ ದ್ರವ ಸೇರಿಸಿ. ಗಡಸು ನೀರು ಒಣಗಿದಲ್ಲಿ ಸುಣ್ಣದ ಬಿಳಿ ಉಂಗುರ ಉಳಿಸುತ್ತದೆ. ಒಣಹಾಕುವ ಕೋಣೆಯಲ್ಲಿ ಫ್ಯಾನ್ ಬೇಡ, ಸಂಜೆಯ ಊದುಬತ್ತಿಯೂ ಆ ಹೊತ್ತಿಗೆ ಬೇರೆ ಕೋಣೆಯಲ್ಲಿರಲಿ.

ಬಳಸಿದ ಹೈಪೋವನ್ನು ಮೋರಿಗೆ ಸುರಿಯುವುದು ಎಲ್ಲರೂ ಮಾಡುವ, ಯಾರೂ ತಪ್ಪೆಂದು ಎಣಿಸದ ತಪ್ಪು. ಅದರಲ್ಲಿ ಕರಗಿರುವ ಬೆಳ್ಳಿ ನೀರಿನ ಜೀವಿಗಳಿಗೆ ವಿಷ. ಒಂದು ಡಬ್ಬದಲ್ಲಿ ಕೂಡಿಟ್ಟು, ಪಾತ್ರೆ ಉಜ್ಜುವ ಕಬ್ಬಿಣದ ನಾರನ್ನು ಹಾಕಿ ಕೆಲವು ದಿನ ಬಿಡಿ. ಕಬ್ಬಿಣ ಕರಗಿ ಬೆಳ್ಳಿಯ ಜಾಗಕ್ಕೆ ಹೋಗುತ್ತದೆ, ಬೆಳ್ಳಿ ಕಪ್ಪು ಕೆಸರಾಗಿ ತಳಕ್ಕೆ ಇಳಿಯುತ್ತದೆ. ತುಕ್ಕು ಹಿಡಿಯದ ಸ್ಟೀಲಿನ ನಾರು ಇದಕ್ಕೆ ಆಗದು, ಕೊಳ್ಳುವಾಗ ನೋಡಿ ಕೊಳ್ಳಿ.